ಡಬ್ಬಿಯಲ್ಲಿದ್ದ ನಲವತ್ತೊಂದು ಕಲ್ಲು

ಶೇಂಗಾ ಚೀಲದ ಬಾಯಿ ಬಿಚ್ಚಿ ಮೇಲಿನ ಕಾಯಿ ತೋರಿಸಿದರೆ ನಮ್ಮವ್ವ ಮುದ್ದಕ್ಕನಿಗೆ ಸಿಟ್ಟು ಬರುತ್ತದೆ. ಚಳ್ಳಕೆರೆ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೆರಡು ವರ್ಷ ಕೂತು ಶೇಂಗಾ ಹಸನು ಮಾಡಿದವಳು ಅವಳು. ಹೊಸ ಚೀಲ ಬಂದರೆ ಭುಜದ ತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾಳೆ. ಎರಡು ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಮಾಲು ಒಪ್ಪಿಗೆಯಾದರೆ ಸೊಂಟಕ್ಕೆ ಸಿಕ್ಕಿಸಿಕೊಂಡ ಸುತಲಿ ದಾರ ತೆಗೆದು ಚೀಲದ ಬಾಯಿ ತಾನೇ ಕಟ್ಟುತ್ತಾಳೆ. ಒಪ್ಪಿಗೆ ಇಲ್ಲದಿದ್ದರೆ ಎದ್ದು ಹೋಗುತ್ತಾಳೆ. ದಲಾಲರು ಕೂಡ ಅವಳು ಎದ್ದು ಹೋದ ಚೀಲಕ್ಕೆ ಬೆಲೆ ಕೂಗುವುದಿಲ್ಲ.

ಇಂಥವಳ ಕೈಗೆ ನನ್ನ ಮಗಳು ಜ್ಯೋತಿಲಕ್ಷ್ಮಿಯ ಕಾಲೇಜಿನ ವಿಷಯ ಕೊಟ್ಟವನು ನಾನೇ. ಕೊಟ್ಟದ್ದು ಗೌರವದಿಂದ ಅಲ್ಲ, ಕುತಂತ್ರದಿಂದ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹುಡುಗಿ ಪಿಯುಸಿ ಸೈನ್ಸಿನಲ್ಲಿ ಫಸ್ಟ್ ಕ್ಲಾಸ್ ಬಂದಳು. ನನ್ನಿವಾಳದ ನಮ್ಮ ಓಣಿಯಲ್ಲಿ ಮೊದಲನೆಯವಳು. ನಾನು ಅದೇ ಯಾರ್ಡಿನಲ್ಲಿ ಹಮಾಲಿ, ಚೀಲ ಹೊರುವವನು. ಚಳ್ಳಕೆರೆಯಲ್ಲೇ ಬಿ.ಕಾಂ. ಮಾಡಲಿ, ದಿನಾ ಬಸ್ಸಿನಲ್ಲಿ ಹೋಗಿ ಬರಲಿ, ಆಮೇಲೆ ಯಾವುದಾದರೂ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಲಿ ಅಂತ ನನ್ನ ಆಸೆ. ಅವಳು ಭೂವಿಜ್ಞಾನ ಓದುತ್ತೇನೆ ಅಂದಳು. ಹಾಗಂದರೆ ಏನು ಅಂದೆ. ಕಲ್ಲು, ಮಣ್ಣು, ಗುಡ್ಡ ಇವು ಹೆಂಗೆ ಹುಟ್ಟಿದವು ಅನ್ನೋ ವಿದ್ಯೆ ಅಂದಳು. ಹೊಟ್ಟೆಪಾಡಿಗೆ ನಾವು ಮಣ್ಣು ಹೊತ್ತದ್ದು ಸಾಲದೇ ಅಂತ ನಾನು ಕೂಗಾಡಿದೆ. ಎಂಟು ದಿನ ಮನೆಯಲ್ಲಿ ಇದೇ ರಗಳೆ. ಒಂಬತ್ತನೇ ದಿನ ನಾನು ಒಂದು ಮಾತು ಹಾಕಿದೆ.

"ಆ ವಿದ್ಯೆ ಎಲ್ಲೆಲ್ಲಿ ಐತೋ ಅಲ್ಲೆಲ್ಲ ಹೋಗಿ ನೋಡಾನ. ಯಾವ ಕಾಲೇಜು ನೋಡಿ ಅವ್ವ ದಾರ ತೆಗೀತಾಳೋ ಅಲ್ಲಿಗೆ ಕಳಿಸ್ತೀನಿ. ಯಾವುದಕ್ಕೂ ತೆಗೀಲಿಲ್ಲ ಅಂದ್ರೆ ಬಿ.ಕಾಂ. ಆಮೇಲೆ ತುಟಿ ಪಿಟಕ್ ಅನ್ನಂಗಿಲ್ಲ."

ಅವ್ವ ಯಾವುದನ್ನೂ ಸುಲಭಕ್ಕೆ ಒಪ್ಪುವವಳಲ್ಲ. ನನಗೆ ಹೆಣ್ಣು ನೋಡುವಾಗ ಆರು ಮನೆಯ ಉಪ್ಪಿಟ್ಟು ತಿಂದು ಎದ್ದು ಬಂದಿದ್ದಳು. ಏಳನೆಯವಳು ಮಂಜುಳಮ್ಮ, ನನ್ನ ಹೆಂಡತಿ. ಅವಳಿಗೆ ನನ್ನ ಲೆಕ್ಕಾಚಾರ ಕೂಡಲೇ ಗೊತ್ತಾಗಿ ಒಲೆ ಮುಂದಿನಿಂದಲೇ ನನ್ನನ್ನು ಕೆಕ್ಕರಿಸಿ ನೋಡಿದಳು. ಜ್ಯೋತಿ ಮಾತ್ರ "ಆಯ್ತಪ್ಪ" ಅಂದುಬಿಟ್ಟಳು. ಆಮೇಲೆ ಒಂದು ಚೀಟಿಯಲ್ಲಿ ಮೂರು ಕಾಲೇಜಿನ ಹೆಸರು ಬರೆದು ತಂದಳು.

ಶೇಕ್ಷಾವಲಿ ನನ್ನ ಹಳೆಯ ಗೆಳೆಯ, ಯಾರ್ಡಿನ ಗೇಟಿನ ಎದುರು ಮೆಕ್ಯಾನಿಕ್. ಭಾನುವಾರ ಬಿಟ್ಟು ಯಾವ ದಿನ ಬೇಕಾದರೂ ಬರ್ತೀನಿ ಅಂದವನು ಬುಧವಾರ ಬೆಳಿಗ್ಗೆ ತನ್ನ ಓಮ್ನಿ ತಂದು ಮನೆ ಮುಂದೆ ನಿಲ್ಲಿಸಿದ. ನಾನು ಅವನ ಪಕ್ಕ, ಹೆಂಗಸರು ಮೂವರು ಹಿಂದೆ. ರೊಟ್ಟಿ, ಶೇಂಗಾ ಚಟ್ನಿ, ನೀರಿನ ಕ್ಯಾನು, ಜ್ಯೋತಿಯ ಬ್ಯಾಗು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಅದರ ಸೊಂಟಕ್ಕೂ ಸುತಲಿ ದಾರದ ಉಂಡೆ ಸಿಕ್ಕಿಸಿಕೊಂಡಿದ್ದಳು.

ಮೊದಲನೆಯ ಕಾಲೇಜು ಚಳ್ಳಕೆರೆ ದಾಟಿದ ಕೂಡಲೇ ಸಿಕ್ಕಿತು. ಗಾಜಿನ ಬಾಗಿಲು, ಒಳಗೆ ತಣ್ಣಗೆ ಏಸಿ. ಸೋಫಾದಲ್ಲಿ ಕೂರಲು ನನಗೇ ನಾಚಿಕೆಯಾಯಿತು. ಟೈ ಕಟ್ಟಿದವನೊಬ್ಬ ಬಣ್ಣದ ಪುಸ್ತಕ ಬಿಚ್ಚಿ ನಮಗೆ ಚಿತ್ರ ತೋರಿಸುತ್ತಿದ್ದಾಗ ಅವ್ವ ನಾಪತ್ತೆ. ಹುಡುಕಿಕೊಂಡು ಹೋದರೆ ಹಿಂದುಗಡೆ ಲ್ಯಾಬಿನಲ್ಲಿ ನಿಂತಿದ್ದಳು, ಕಸ ಗುಡಿಸುವ ಹೆಂಗಸಿನ ಹತ್ತಿರ ಬೀಗ ತೆಗೆಸಿಕೊಂಡು. ಮೇಜಿನ ಮೇಲೆ ಸಾಲಾಗಿ ಸೂಕ್ಷ್ಮದರ್ಶಕ. ಒಂದಕ್ಕೂ ಅಂಗಡಿಯಿಂದ ತಂದಾಗಿನ ಪ್ಲಾಸ್ಟಿಕ್ಕು ತೆಗೆದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಧೂಳು ಒಂದು ಬೆರಳು ಕೂತಿದೆ.

"ಮ್ಯಾಲೆ ಕಾಯಿ, ತಳದಾಗೆ ಜೊಳ್ಳು," ಅಂದಳು ಅವ್ವ. ಓಮ್ನಿಗೆ ಹೋಗಿ ಕೂತಳು.

ಎರಡನೆಯದು ಬಳ್ಳಾರಿ ರಸ್ತೆಯಲ್ಲಿ, ತಳಕು ದಾಟಿದ ಮೇಲೆ. ಅಲ್ಲಿಯ ಯಜಮಾನ ಎದ್ದು ನಿಂತು ಕೈ ಮುಗಿದ. ಎಲ್ಲರಿಗೂ ಮೈಸೂರು ಪಾಕು, ಜ್ಯೋತಿಗೆ ಒಂದು ಬ್ಯಾಗು, ಪೆನ್ನು. ಭೂವಿಜ್ಞಾನ ಬೇಕಾ, ಕೊಡೋಣ. ಬೇರೆ ಬೇಕಾ, ಅದನ್ನೂ ಕೊಡೋಣ. ಇವತ್ತೇ ಸೇರಿದರೆ ಬಸ್ಸು ಬಿಟ್ಟಿ. ನನಗಂತೂ ಮನುಷ್ಯ ಹಿಡಿಸಿಬಿಟ್ಟ. ಯಾರ್ಡಿನಲ್ಲಿ ನನಗೆ ಯಾರೂ ಎದ್ದು ನಿಂತು ಕೈ ಮುಗಿದದ್ದಿಲ್ಲ. ಹೊರಗೆ ಬಂದ ಮೇಲೆ ಅವ್ವ ಕೇಳಿದಳು:

"ನಿನ್ನ ಮಗಳ ಹೆಸರು ಕೇಳಿದ್ನೇನೋ ಅವನು?"

ಕೇಳಿರಲಿಲ್ಲ. ಅಂಕ ಎಷ್ಟು ಅಂತಲೂ ಕೇಳಿರಲಿಲ್ಲ.

"ಚೀಲಕ್ಕೆ ಕೈ ಹಾಕದೆ ಕೊಳ್ಳೋನು ಕೊಳ್ಳೋನೇ ಅಲ್ಲ. ಮಾಲಿನ ಬೆಲೆ ಅವನಿಗೆ ಗೊತ್ತಿರಲ್ಲ. ನಡಿ," ಅಂದಳು. ಆ ಬ್ಯಾಗನ್ನೂ ಪೆನ್ನನ್ನೂ ವಾಚ್‌ಮನ್ ಕೈಗೆ ಕೊಡಿಸಿದಳು.

ಎರಡು ಮುಗಿದವು, ಉಳಿದದ್ದು ಒಂದು. ನನಗೆ ಒಳಗೊಳಗೇ ಖುಷಿ. ಹಾನಗಲ್ ಕ್ರಾಸಿನಲ್ಲಿ ಚಹಾ ಕುಡಿಯಲು ಇಳಿದೆವು. ಟೀ ಅಂಗಡಿಯ ಪಕ್ಕ ರಸ್ತೆ ಕೆಲಸಕ್ಕೆ ತಂದು ಸುರಿದ ಗರಸಿನ ದೊಡ್ಡ ಗುಡ್ಡೆ ಇತ್ತು. ರೊಟ್ಟಿ ತೆಗೆಯೋಣ ಅಂತ ನಾನು ಜ್ಯೋತಿಯ ಬ್ಯಾಗಿಗೆ ಕೈ ಹಾಕಿದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಎತ್ತಿದ ಕೂಡಲೇ ಗೊತ್ತಾಯಿತು, ಇದು ತಿನ್ನುವ ಪದಾರ್ಥ ಅಲ್ಲ. ಹೊರುವವನ ಕೈಗೆ ತೂಕವೇ ಮಾತಾಡುತ್ತದೆ. ಮುಚ್ಚಳ ತೆಗೆದರೆ ಕಲ್ಲು.

ಆ ಕಲ್ಲುಗಳ ಕತೆ ಹೇಳಬೇಕು. ಜ್ಯೋತಿ ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಯಾರ್ಡಿಗೆ ಬಂದು ಅಜ್ಜಿಯ ಪಕ್ಕ ಕೂರುತ್ತಿದ್ದಳು. ಜರಡಿಯಿಂದ ಅವ್ವ ಎತ್ತಿ ಎಸೆದ ಕಲ್ಲನ್ನು ಇವಳು ಆರಿಸಿಕೊಂಡು, ಆ ಚೀಲ ಯಾವ ಊರಿನದು ಅಂತ ಕೇಳಿಕೊಳ್ಳುತ್ತಿದ್ದಳು. ಮಕ್ಕಳಾಟ ಅಂತ ನಾನು ಸುಮ್ಮನಿದ್ದೆ. ದೊಡ್ಡವಳಾದ ಮೇಲೂ ಇಟ್ಟುಕೊಂಡಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ.

ನನಗೂ ಕಲ್ಲಿಗೂ ಹಳೆಯ ದ್ವೇಷ. ಒಂದು ವರ್ಷ ನಾನು ಇಳಿಸಿದ ಲೋಡಿನಲ್ಲಿ ಮೂರು ಚೀಲದ ತಳದಲ್ಲಿ ಕಲ್ಲು ಸಿಕ್ಕಿತು. ತೂಕಕ್ಕೆ ಅಂತ ಯಾರೋ ಹಾಕಿದ್ದು. ಕಾಯಿ ಕದ್ದು ಮಾರಿ ಕಲ್ಲು ತುಂಬಿದವನು ನಾನೇ ಅಂತ ದಲಾಲ ಅನುಮಾನಪಟ್ಟು ಇಡೀ ಯಾರ್ಡಿನ ಎದುರು ನನ್ನ ಜೇಬು ತಡವಿಸಿದ. ಹನ್ನೆರಡು ದಿನ ಕೆಲಸ ಕೊಡಲಿಲ್ಲ. ತಪ್ಪು ನನ್ನದಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಹೋದ ಮಾನ ವಾಪಸ್ಸು ಬರುತ್ತದೆಯೇ. ಅವತ್ತಿನಿಂದ ಚೀಲದಲ್ಲಿ ಕಲ್ಲು ಕಂಡರೆ ನನ್ನ ಮೈ ಉರಿಯುತ್ತದೆ.

"ದೊಡ್ಡೋರ ಮುಂದೆ ಕಲ್ಲು ಹೊತ್ಕಂಡು ಹೋಗಿ ನನ್ನ ಮರ್ಯಾದಿ ಕಳೀಬೇಕು ಅಂತ ಮಾಡಿಯೇನೇ?" ಅಂದವನೇ ಡಬ್ಬಿಯನ್ನು ಗರಸಿನ ಗುಡ್ಡೆಯ ಮೇಲೆ ಬೋರಲು ಹಾಕಿ ಒದರಿಬಿಟ್ಟೆ. ಯಾರ್ಡಿನಲ್ಲಿ ಕಸ ಒದರುವ ಹಾಗೆ. ಕಲ್ಲುಗಳು ಉರುಳಿ ಗರಸಿನಲ್ಲಿ ಬೆರೆತುಹೋದವು.

ಜ್ಯೋತಿ ಅಳಲಿಲ್ಲ. ಖಾಲಿ ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳ ಹಾಕಿ, ಬ್ಯಾಗಿನಲ್ಲಿ ಇಟ್ಟುಕೊಂಡಳು. ಶೇಕ್ಷಾವಲಿ ಗ್ಲಾಸು ಕೆಳಗಿಟ್ಟು, "ಮಾರಣ್ಣ, ಇದು ಗಲತ್ ಕೆಲಸ ಆತು ನೋಡಲೇ," ಅಂದ. ಮಂಜುಳಮ್ಮ, "ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಅಂಟಲ್ಲ," ಅಂತ ಎಲ್ಲೋ ನೋಡುತ್ತ ಹೇಳಿದಳು. ರೊಟ್ಟಿ ಬಿಚ್ಚದೆಯೇ ಓಮ್ನಿ ಹತ್ತಿದೆವು.

ಮೂರನೆಯದು ಮೊಳಕಾಲ್ಮೂರು ದಾಟಿ ಗುಡ್ಡದ ಬುಡದಲ್ಲಿರುವ ಸರ್ಕಾರಿ ಕಾಲೇಜು. ಗಾಜಿಲ್ಲ, ಸೋಫಾ ಇಲ್ಲ. ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷ ಆಗಿತ್ತೋ. ಅವ್ವ ಆಫೀಸಿನ ಕಡೆ ತಿರುಗಿಯೂ ನೋಡದೆ ನೇರ ಹಾಸ್ಟೆಲಿನ ಅಡುಗೆಮನೆಗೆ ನಡೆದಳು. ನಾನು ಹಿಂದೆ ಹೋದೆ. ಅಡುಗೆಯ ಚಿಕ್ಕಕ್ಕ ಸಾರು ಇಳಿಸುತ್ತಿದ್ದಳು. "ರಾ ಅಮ್ಮ, ಕೂಚೋ," ಅಂತ ತೆಲುಗಿನಲ್ಲಿ ಮಣೆ ಕೊಟ್ಟು ಕನ್ನಡಕ್ಕೆ ಹೊರಳಿದಳು. ಅವ್ವ ಸಾರಿನ ವಿಷಯ ಕೇಳಲಿಲ್ಲ, ನೀರಿನ ವಿಷಯ ಕೇಳಲಿಲ್ಲ.

"ನಿನಗೆ ಮಕ್ಕಳು ಎಷ್ಟು ಜನ?"

"ಒಬ್ಬಳೇ ಮಗಳಮ್ಮ."

"ಎಲ್ಲಿ ಓದ್ತಾಳೆ?"

"ಇಲ್ಲೇ, ಎರಡನೇ ವರ್ಷ. ದಿನಾ ನನ್ನ ಸಾರಿಗೆ ಹೆಸರಿಡ್ತಾಳೆ."

ಅವ್ವನ ಮುಖ ಸ್ವಲ್ಪ ಸಡಿಲವಾಯಿತು. ಆದರೂ ಕೈ ಸೊಂಟಕ್ಕೆ ಹೋಗಲಿಲ್ಲ. "ಕೊಳ್ಳೋನು ಎಲ್ಲವನೆ, ತೋರ್ಸು," ಅಂದಳು.

ಚಿಕ್ಕಕ್ಕ ತೋರಿಸಿದ ಕೋಣೆಗೆ ಎಲ್ಲರೂ ಹೋದೆವು. ಅಲ್ಲಿದ್ದವರು ಭೂವಿಜ್ಞಾನದ ಮೇಷ್ಟ್ರು ಶಾಂತವೀರಪ್ಪ. ಬಿಸಿಲಿಗೆ ಕಪ್ಪಾದ ಸಣಕಲು ಮನುಷ್ಯ, ಕಾಲಿಗೆ ಕೆಸರು ಬಡಿದ ಬೂಟು. ನಮ್ಮನ್ನು ಕೂರಿ ಅನ್ನುವ ಮೊದಲೇ ಮೇಜಿನ ಮೇಲಿನ ಒಂದು ಕಲ್ಲನ್ನು ಜ್ಯೋತಿಯ ಕೈಗೆ ಇಟ್ಟರು.

"ಏನಿದು?"

ಜ್ಯೋತಿ ಅದನ್ನು ತಿರುಗಿಸಿದಳು, ಕಿಟಕಿಯ ಬೆಳಕಿಗೆ ಹಿಡಿದಳು. "ಹೆಸರು ಗೊತ್ತಿಲ್ಲ ಸರ್. ಆದ್ರೆ ಗುಲಾಬಿ ಬಣ್ಣ, ನಡುವೆ ಕಾಗೆಬಂಗಾರ ಮಿಂಚುತೈತೆ. ಇಂಥದ್ದು ಜಟಿಂಗ ರಾಮೇಶ್ವರದ ಕಡೆ ಚೀಲದಾಗೆ ಬರ್ತೈತೆ."

"ಚೀಲದಾಗಾ?"

ಅವಳು ಎಲ್ಲ ಹೇಳಿದಳು. ಅಜ್ಜಿಯ ಜರಡಿ, ಊರೂರಿನ ಚೀಲ, ಯಾವ ಹೊಲದ ಶೇಂಗಾದ ಜೊತೆ ಯಾವ ಕಲ್ಲು ಬರುತ್ತದೆ. ಪರಶುರಾಂಪುರದ ಕಡೆಯದು ಹೊಳೆಯಲ್ಲಿ ಉರುಳಿ ದುಂಡಗೆ, ನಮ್ಮ ನನ್ನಿವಾಳದ್ದು ಬಿಳಿ ಬೆಣಚು, ಒಟ್ಟು ನಲವತ್ತೊಂದು. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. "ತಂದಿದ್ದೀಯಾ?"

ಜ್ಯೋತಿ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದಳು. ಖಾಲಿ.

"ದಾರಿಯಲ್ಲಿ ಚೆಲ್ಲಿಹೋದವು ಸರ್," ಅಂದಳು.

ನನ್ನ ಹೆಸರು ಹೇಳಲಿಲ್ಲ. ಕಡೆಗಣ್ಣಿನಿಂದಲೂ ನನ್ನ ಕಡೆ ನೋಡಲಿಲ್ಲ. ಅವತ್ತು ದಲಾಲ ಎಲ್ಲರ ಎದುರು ನನ್ನ ಜೇಬು ತಡವಿಸಿದಾಗಲೂ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ. ನನ್ನ ಮಾನ ಕಾಯುತ್ತಿದ್ದಾಳೆ, ತನ್ನ ಎಂಟು ವರ್ಷದ ಗಂಟು ಕಳೆದುಕೊಂಡು.

"ಚೆಲ್ಲಿಹೋಗಲಿಲ್ಲ ಸಾರ್. ನಾನೇ ಚೆಲ್ಲಿದೆ. ಹಾನಗಲ್ ಕ್ರಾಸಿನ ಗರಸಿನ ಗುಡ್ಡೆ ಮ್ಯಾಲೆ," ಅಂದೆ.

ಮೇಷ್ಟ್ರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಬೈಯಲಿಲ್ಲ. ಗೋಡೆಯ ಮೊಳೆಯಿಂದ ಟೋಪಿ ತೆಗೆದುಕೊಂಡು, "ನಿಮ್ಮ ಗಾಡಿಯಲ್ಲಿ ಇನ್ನೊಬ್ಬರಿಗೆ ಜಾಗ ಐತೇನ್ರಿ?" ಅಂದರು.

ನಾವು ಹಾನಗಲ್ ಕ್ರಾಸಿಗೆ ವಾಪಸ್ಸು ಹೋಗುವಷ್ಟರಲ್ಲಿ ಇಬ್ಬರು ಕೂಲಿಯವರು ಸಲಿಕೆ ಹಿಡಿದು ಗುಡ್ಡೆಯನ್ನು ರಸ್ತೆಗೆ ಎಳೆಯಲು ನಿಂತಿದ್ದರು. ಅವ್ವ ಓಮ್ನಿ ಪೂರಾ ನಿಲ್ಲುವ ಮೊದಲೇ ಇಳಿದು, "ಒಂದು ತಾಸು ನೆಳ್ಳಿಗೆ ಕೂತು ಬೀಡಿ ಸೇದ್ರಪ್ಪ, ನಮ್ಮ ಹುಡುಗಿ ಪರೀಕ್ಷೆ ಐತೆ," ಅಂದಳು. ಶೇಕ್ಷಾವಲಿ ಅವರಿಗೆ ಚಹಾ ಹೇಳಿದ.

ಗರಸು ಅಂದರೆ ಎಲ್ಲ ಬಣ್ಣದ, ಎಲ್ಲ ಗಾತ್ರದ ಕಲ್ಲಿನ ರಾಶಿ. ಅದರಲ್ಲಿ ನಲವತ್ತೊಂದು ಕಲ್ಲು ಹುಡುಕುವುದು ಅಂದರೆ ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಜ್ಯೋತಿ ದುಪಟ್ಟಾ ಸೊಂಟಕ್ಕೆ ಬಿಗಿದು, ಅಜ್ಜಿ ಯಾರ್ಡಿನಲ್ಲಿ ಕೂರುತ್ತಿದ್ದ ಹಾಗೆ ಒಂದು ಕಾಲು ಮಡಚಿ ಕೂತಳು. ಅಂಗೈ ಹರಡಿ ಗರಸನ್ನು ಒಂದು ಸಲ ತೆಳುವಾಗಿ ಎಳೆದಳು. ಅದು ಅವ್ವನ ಕೈಯೇ. ನಾನು ಮೂವತ್ತು ವರ್ಷ ನೋಡಿದ ಕೈ.

"ಒಂದು. ದೊಡ್ಡೇರಿ." ಡಬ್ಬಿಗೆ ಬಿತ್ತು. "ಎರಡು, ಬಿ.ಜಿ.ಕೆರೆ. ಮೂರು, ನಮ್ಮೂರು, ಸೋಮಶೇಖರಪ್ಪನ ಹೊಲ. ನಾಕು, ಪರಶುರಾಂಪುರ."

ಮೇಷ್ಟ್ರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೂ ಕೈಗೆ ತೆಗೆದುಕೊಂಡು, ಯಾಕೆ, ಹೆಂಗೆ ಗೊತ್ತಾಯ್ತು ಅಂತ ಕೇಳುತ್ತಿದ್ದರು. ಅವಳು ಗೊತ್ತಿದ್ದರೆ ಹೇಳುತ್ತಿದ್ದಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಹದಿನೇಳನೆಯದರ ಹೊತ್ತಿಗೆ ಅವರು ಗುಡ್ಡೆಯಿಂದ ಒಂದು ದುಂಡನೆಯ ಕಲ್ಲು ಆರಿಸಿ ಮೆಲ್ಲಗೆ ಡಬ್ಬಿಗೆ ಹಾಕಿದ್ದನ್ನು ನಾನು ನೋಡಿದೆ. ಜ್ಯೋತಿ ಮುಂದಿನ ಕಲ್ಲು ಹಾಕಲು ಹೋದವಳು ಅದನ್ನು ಎತ್ತಿ ಗುಡ್ಡೆಗೆ ಎಸೆದಳು.

"ಇದು ಇಲ್ಲಿದೇ ಸರ್. ನನ್ನದಲ್ಲ."

ಮೇಷ್ಟ್ರು ನಕ್ಕರು. ಬೀಡಿ ಸೇದುತ್ತಿದ್ದ ಕೂಲಿಯವರು ಎದ್ದು ಬಂದು ಸುತ್ತ ನಿಂತರು. ಟೀ ಅಂಗಡಿಯವನು ಒಲೆ ಬಿಟ್ಟು ಬಂದ. ಒಂದು ಖಾಸಗಿ ಬಸ್ಸು ನಿಂತು, ಕಂಡಕ್ಟರು ಏನು ಕಳೀತು ಅಂತ ಕೇಳಿದ. "ಕಳೀಲಿಲ್ಲ ಭಾಯ್, ಸಿಗಕ್ ಹತ್ತೈತೆ," ಅಂದ ಶೇಕ್ಷಾವಲಿ.

ನಲವತ್ತಕ್ಕೆ ನಿಂತಿತು. ಕೊನೆಯದು ಸಿಗಲಿಲ್ಲ. ಅದು ಕರಿ ಕಲ್ಲು, ನಿಂಬೆಹಣ್ಣಿನಷ್ಟು. ಅದು ಬಂದ ಚೀಲದ ಚೀಟಿ ಹರಿದಿತ್ತಂತೆ, ಊರು ಗೊತ್ತಿಲ್ಲ. ಜ್ಯೋತಿಗೆ ಅದೇ ಎಲ್ಲಕ್ಕಿಂತ ಬೇಕಾದದ್ದು. "ಅದೊಂದು ಏನು ಅಂತ ತಿಳ್ಕಳಾಕೇ ಸರ್ ನಾನು ಓದಬೇಕು ಅಂದಿದ್ದು," ಅಂದಳು. ಗುಡ್ಡೆಯ ತುಂಬ ಕರಿ ಕಲ್ಲು, ನೋಡಲು ಎಲ್ಲ ಒಂದೇ ತರ. ಅವಳ ಕಣ್ಣು ಅಲ್ಲಿ ಸೋತಿತ್ತು.

"ಎತ್ತಿದಾಗ ಹೆಂಗಿತ್ತು?" ಅಂತ ಕೇಳಿದೆ.

"ಭಾಳ ಭಾರ ಅಪ್ಪ. ಗಾತ್ರಕ್ಕೆ ಹೊಂದಲ್ಲ."

ಅಷ್ಟು ಸಾಕಾಗಿತ್ತು. ನಾನು ಅಂಗಿಯ ತೋಳು ಮಡಚಿ ಮೊಣಕಾಲೂರಿ ಕೂತೆ. ಕಣ್ಣು ಮುಚ್ಚಿಕೊಂಡೆ. ನನಗೆ ಕಲ್ಲಿನ ಬಣ್ಣ ಗೊತ್ತಿಲ್ಲ, ಊರು ಗೊತ್ತಿಲ್ಲ. ತೂಕ ಗೊತ್ತು. ಕಾಟಾದ ಮೇಲೆ ಚೀಲ ಇಡುವ ಮೊದಲೇ ಎಷ್ಟು ಬರುತ್ತದೆ ಅಂತ ಹೇಳುವವನು ನಾನು. ಕೈಗೆ ನಿಂಬೆಹಣ್ಣಿನಷ್ಟು ಅನ್ನಿಸಿದ ಕಲ್ಲನ್ನು ಒಂದೊಂದೇ ಎತ್ತಿದೆ. ಹಗುರ, ಬಿಟ್ಟೆ. ಹಗುರ, ಬಿಟ್ಟೆ. ಮೂವತ್ತೋ ನಲವತ್ತೋ ಎತ್ತಿರಬೇಕು. ಅಂಗೈ ತರಚಿತು. ಆಮೇಲೆ ಒಂದು ಕಲ್ಲು ಕೈಗೆ ಬಂತು. ಬಂದ ಕೂಡಲೇ ಮಣಿಕಟ್ಟು ಕೆಳಗೆ ಇಳಿಯಿತು.

ಕಣ್ಣು ಬಿಟ್ಟು ಅವಳ ಕೈಗೆ ಕೊಟ್ಟೆ. ಜ್ಯೋತಿ ಅದನ್ನು ಒಂದು ಸಲ ತೂಗಿ ನೋಡಿ, ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ನಲವತ್ತೊಂದು," ಅಂದಳು.

"ನೂರಾ ಎಂಬತ್ತು ಗ್ರಾಂ ಐತೆ," ಅಂದೆ ನಾನು.

ಅವಳು ಅದನ್ನು ಮೇಷ್ಟ್ರ ಮುಂದೆ ಹಿಡಿದು, "ಏನ್ ಸರ್ ಇದು?" ಅಂತ ಕೇಳಿದಳು. ಅವರು ಭೂತಗನ್ನಡಿ ಇಟ್ಟು ನೋಡಿದರು. ಗೊತ್ತಾಯಿತು ಅಂತ ಅವರ ಮುಖವೇ ಹೇಳಿತು. ಆದರೆ ಕಲ್ಲನ್ನು ವಾಪಸ್ಸು ಅವಳ ಕೈಗೆ ಇಟ್ಟರು.

"ನಾನು ಹೇಳಲ್ಲ. ಬಂದು ಓದು, ನೀನೇ ನನಗೆ ಹೇಳು. ಸೀಟು ಪಟ್ಟಿ ನೋಡಿ ಕೊಡ್ತಾರೆ, ನನ್ನ ಕೈಯಾಗಿಲ್ಲ. ನಿನ್ನ ಅಂಕಕ್ಕೆ ಸಿಗುತ್ತೆ. ಸಿಕ್ಕ ಮೇಲೂ ಬರದೇ ಇದ್ರೆ ಮಾತ್ರ ನನ್ನಿವಾಳಕ್ಕೆ ಬಂದು ನಿಮ್ಮಪ್ಪನ ಹತ್ರ ಜಗಳ ತೆಗೀತೀನಿ."

ನಾನು ಅವ್ವನ ಕಡೆ ನೋಡಿದೆ. ಬೆಳಿಗ್ಗೆಯಿಂದ ಆ ಕೈ ಸೊಂಟಕ್ಕೆ ಹೋಗದಿರಲಿ ಅಂತ ಕಾಯುತ್ತಿದ್ದವನು ಈಗ ಯಾವಾಗ ಹೋಗುತ್ತದೋ ಅಂತ ಕಾಯುತ್ತಿದ್ದೆ. ಅವ್ವ ಅವಸರ ಮಾಡಲಿಲ್ಲ. ಡಬ್ಬಿ ತೆಗೆದುಕೊಂಡು ತಳದ ತನಕ ಬೆರಳು ಇಳಿಸಿ ಕಲ್ಲುಗಳನ್ನು ಒಮ್ಮೆ ಕಲಕಿದಳು. ಮೇಷ್ಟ್ರ ಕೆಸರು ಬೂಟು ನೋಡಿದಳು, ಗರಸಿನ ಧೂಳು ಮೆತ್ತಿದ ಅವರ ಕೈ ನೋಡಿದಳು.

"ತಳದ ತನಕ ಕೈ ಹಾಕಿದ. ಕೊಳ್ಳೋನು ಇವನೇ," ಅಂದಳು.

ಸೊಂಟದಿಂದ ಸುತಲಿ ತೆಗೆದಳು. ಡಬ್ಬಿಗೆ ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು, ಮೇಲೆ ಯಾರ್ಡಿನ ಗಂಟು. ಉಳಿದ ದಾರವನ್ನು ಹಲ್ಲಿನಿಂದ ಕಡಿದಳು. ಶೇಕ್ಷಾವಲಿ ಓಮ್ನಿಯ ಹಾರನ್ನಿನ ಮೇಲೆ ಕೈ ಇಟ್ಟವನು ಎತ್ತಲೇ ಇಲ್ಲ. ಮಂಜುಳಮ್ಮ ಸೆರಗಿನಿಂದ ಮೊದಲು ಮಗಳ ಮುಖ ಒರೆಸಿದಳು, ಆಮೇಲೆ ತನ್ನದು. ನನ್ನದನ್ನು ನಾನೇ ಒರೆಸಿಕೊಂಡೆ.

ಪಟ್ಟಿಯಲ್ಲಿ ಜ್ಯೋತಿಲಕ್ಷ್ಮಿಯ ಹೆಸರು ಎರಡನೆಯದಿತ್ತು. ಹಾಸ್ಟೆಲಿಗೆ ಟ್ರಂಕು ಹೊತ್ತವನು ನಾನೇ, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹೋದ ಸೋಮವಾರ ಯಾರ್ಡಿನಲ್ಲಿ ಲೋಡು ಇಳಿಸುತ್ತಿದ್ದಾಗ ಅವಳ ಫೋನು ಬಂತು. ಚೀಲ ಬೆನ್ನ ಮೇಲೆ ಇದ್ದ ಹಾಗೇ ಎತ್ತಿಕೊಂಡೆ.

"ಅಪ್ಪ, ಇವತ್ತು ಲ್ಯಾಬಿನಾಗೆ ಕರಿ ಕಲ್ಲು ತೂಕ ಮಾಡಿದ್ವಿ. ನೂರಾ ಎಂಬತ್ತಮೂರು ಗ್ರಾಂ ಬಂತು. ನೀನು ಮೂರು ಗ್ರಾಂ ಕಮ್ಮಿ ಹೇಳಿದ್ದೆ."

"ನಿಮ್ಮ ಕಾಲೇಜಿನ ತಕ್ಕಡಿ ಸರಿಮಾಡಿಸ್ಕಳಾಕೆ ಹೇಳು ಮೇಷ್ಟ್ರಿಗೆ," ಅಂದೆ.